ಹಳೆಯ ಅಪರೂಪದ ಕಾರು: ಎಂಜಿನ್ ಶಬ್ದ ಕೇಳುವ ಮುನ್ನ ಕಾಗದ ನೋಡಿ

ಬೆಂಗಳೂರು: ಹಳೆಯ ಕಾರು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ಬಾನೆಟ್ ಎತ್ತಿಸಿ ಎಂಜಿನ್ ಶಬ್ದ ಕೇಳುವುದು. ಶಬ್ದ ಹಿತವಾಗಿದ್ದರೆ ಬಣ್ಣ, ಸೀಟು, ಟೈರುಗಳತ್ತ ನೋಟ ಹರಿಯುತ್ತದೆ. ಬೆಲೆ ಕುದುರಿ ಮುಂಗಡ ಕೈಬದಲಾದ ಮೇಲೆ ನೋಂದಣಿ ಪುಸ್ತಕದ ಸರದಿ. ಆದರೆ ಈ ಕ್ರಮ ಪೂರ್ತಿ ತಿರುಗುಮುರುಗಾಗಿರಬೇಕು. ಕೆಟ್ಟ ಎಂಜಿನನ್ನು ಹಣ ಖರ್ಚು ಮಾಡಿ ಸರಿಪಡಿಸಬಹುದು. ತುಕ್ಕು ತಿಂದ ಒಡಲನ್ನು ಸರಿಪಡಿಸುವುದು ಬಹಳ ಕಷ್ಟ. ಕಾಗದಪತ್ರ ಸರಿಯಿಲ್ಲದ ಕಾರನ್ನಂತೂ ಎಷ್ಟು ಹಣ ಸುರಿದರೂ ಕಾನೂನುಬದ್ಧವಾಗಿ ರಸ್ತೆಗೆ ಇಳಿಸಲಾಗದೇ ಹೋಗಬಹುದು.

ಪೇಟೆಯಲ್ಲಿ ಸುಲಭವಾಗಿ ಸಿಗುವ ಐದಾರು ವರ್ಷದ ಸಾಮಾನ್ಯ ಕಾರುಗಳಿಗಿಂತ, ತಯಾರಿಕೆ ನಿಂತುಹೋದ ಅಪರೂಪದ ಕಾರುಗಳ ವಿಷಯದಲ್ಲಿ ಈ ಮಾತು ಹೆಚ್ಚು ನಿಜ. ಕಾಂಟೆಸ್ಸಾ, ಪ್ರೀಮಿಯರ್ ಪದ್ಮಿನಿ, ಮೊದಲ ಕಾಲದ ಟಾಟಾ ಸಿಯೆರಾ, ಮಾರುತಿ ಜಿಪ್ಸಿ, ಡೇವೂ ಸಿಯೆಲೊ, ಓಪೆಲ್ ಆಸ್ಟ್ರಾ, ಫಿಯೆಟ್ ಪಾಲಿಯೊ ಮುಂತಾದ ಹೆಸರುಗಳು ಇಂದಿಗೂ ಹಲವರ ಮನಸ್ಸನ್ನು ಸೆಳೆಯುತ್ತವೆ. ಹೊಸ ಕಾರಿಗೆ ಕಟ್ಟಬೇಕಾದ ಮುಂಗಡ ಹಣದಲ್ಲಿ ಇಂಥ ಕಾರೊಂದು ಪೂರ್ತಿಯಾಗಿ ಕೈಗೆ ಬರುವುದೂ ಉಂಟು. ಈ ಸೆಳೆತದಲ್ಲಿ ತಪ್ಪೇನೂ ಇಲ್ಲ. ಆದರೆ ಕೊಳ್ಳುವ ಬೆಲೆ ಆರಂಭದ ಖರ್ಚು ಮಾತ್ರ ಎಂಬುದನ್ನು ಮರೆತರೆ ಮನೆಯ ಉಳಿತಾಯವೇ ಗ್ಯಾರೇಜಿನ ಪಾಲಾದೀತು.

ಆಕರ್ಷಣೆಗೆ ಕಾರಣಗಳಿವೆ

ಹಳೆಯ ಕಾರುಗಳ ಮೋಹವನ್ನು ಬರೀ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಮೊದಲನೆಯದಾಗಿ, ಅವುಗಳ ರಚನೆ ಸರಳ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಒಂದಿಷ್ಟು ವೈರುಗಳಿರುವ ಎಂಜಿನಿನಲ್ಲಿ ದೋಷ ಎಲ್ಲಿದೆ ಎಂಬುದನ್ನು ಕಂಪ್ಯೂಟರಿನ ನೆರವಿಲ್ಲದೆ ಪತ್ತೆ ಹಚ್ಚಬಹುದು. ಸ್ವಲ್ಪ ಆಸಕ್ತಿಯಿದ್ದರೆ ಮಾಲೀಕನೇ ಪ್ಲಗ್ ಸ್ವಚ್ಛಗೊಳಿಸಬಹುದು, ಫ್ಯಾನ್ ಬೆಲ್ಟ್ ಬದಲಿಸಬಹುದು, ಪಾಯಿಂಟ್ ಸರಿಹೊಂದಿಸಬಹುದು.

ಎರಡನೆಯದು ಬೆಲೆಯ ಲೆಕ್ಕಾಚಾರ. ಹೊಸ ಕಾರು ಷೋರೂಮಿನಿಂದ ಹೊರಬಿದ್ದ ಕ್ಷಣದಿಂದ ಬೆಲೆ ಕಳೆದುಕೊಳ್ಳುತ್ತಾ ಹೋಗುತ್ತದೆ. ಇಪ್ಪತ್ತೈದು ವರ್ಷದ ಕಾರಿನ ಬೆಲೆ ಕುಸಿಯಬೇಕಾದಷ್ಟು ಆಗಲೇ ಕುಸಿದಿರುತ್ತದೆ. ಸುಸ್ಥಿತಿಯಲ್ಲಿರುವ, ಮೂಲ ರೂಪ ಕೆಡದ ಕೆಲವು ಮಾದರಿಗಳಿಗೆ ಸಂಗ್ರಾಹಕರಿಂದ ಬೇಡಿಕೆಯೂ ಇದೆ. ಆದರೆ ಬೆಲೆ ಏರಿಕೆಯ ಆಸೆಯಿಂದಲೇ ಕೊಳ್ಳುವುದು ಜಾಣತನವಲ್ಲ. ನಿಲ್ಲಿಸುವ ಜಾಗ, ವಿಮೆ ಹಾಗೂ ದುರಸ್ತಿಯ ವೆಚ್ಚವನ್ನು ಕಳೆದರೆ ಲಾಭ ಉಳಿಯುವ ಉದಾಹರಣೆಗಳು ವಿರಳ.

ಮೂರನೆಯದು ನೆನಪು. 1958ರ ಸುಮಾರಿಗೆ ಆರಂಭವಾಗಿ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, 1983ರ ಡಿಸೆಂಬರಿನಲ್ಲಿ ಬಂದು 2014ರ ಆರಂಭದವರೆಗೂ ತಯಾರಾದ ಮಾರುತಿ 800, ಇವೆರಡೂ ಎರಡು ತಲೆಮಾರುಗಳ ಕುಟುಂಬ ಚಿತ್ರಗಳಲ್ಲಿ ಸ್ಥಾನ ಪಡೆದಿವೆ. ಮದುವೆಯ ದಿಬ್ಬಣ, ಧರ್ಮಸ್ಥಳ–ಕುಕ್ಕೆ ಯಾತ್ರೆ, ಬೇಸಿಗೆ ರಜೆಯ ಊರಿನ ಪಯಣ ಎಲ್ಲದರಲ್ಲೂ ಈ ಕಾರುಗಳಿವೆ. ತಾತನ ಕಾಲದ ಕಾರನ್ನೇ ಮೊಮ್ಮಕ್ಕಳು ಮತ್ತೆ ಹುಡುಕಿಕೊಂಡು ಹೊರಡುವುದಕ್ಕೆ ಇದೇ ಮೂಲ ಪ್ರೇರಣೆ.

ಬೆಂಗಳೂರಿನದೇ ಮಾದರಿಗಳು

ವಿಚಿತ್ರ ಕಾರುಗಳ ಇತಿಹಾಸದಲ್ಲಿ ಕರ್ನಾಟಕಕ್ಕೂ ಪಾಲಿದೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ 'ಬಾದಲ್' ಮೂರು ಚಕ್ರದ, ಫೈಬರ್ ಗಾಜಿನ ಒಡಲಿನ ಕಾರು. ಅದೇ ಬಳಗದ ಸಿಪಾನಿ ಸಂಸ್ಥೆ 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 'ಡಾಲ್ಫಿನ್' ತಂದಿತು. 848 ಸಿ.ಸಿ. ಎಂಜಿನ್, ಎರಡು ಬಾಗಿಲು, ಹಗುರ ಒಡಲು ಅದರ ವಿಶೇಷ. ಮುಂದೆ ನಾಲ್ಕು ಬಾಗಿಲಿನ 'ಮೊಂಟಾನಾ' ಬಂತು. ಆದರೆ ಡಾಲ್ಫಿನ್ ಬಂದ ಮರುವರ್ಷವೇ ಮಾರುತಿ 800 ಮಾರುಕಟ್ಟೆಗೆ ಇಳಿಯಿತು. ಫೈಬರ್ ಒಡಲಿನ ಬಗ್ಗೆ ಗ್ರಾಹಕರಿಗಿದ್ದ ಅನುಮಾನವೂ ಸೇರಿ ಸಿಪಾನಿ ಹಿಂದೆ ಬಿತ್ತು.

2001ರಲ್ಲಿ ಬೆಂಗಳೂರಿನಿಂದಲೇ ಬಂದ 'ರೇವಾ' ವಿದ್ಯುತ್ ಕಾರು ಇನ್ನೊಂದು ಉದಾಹರಣೆ. ಎರಡು ಬಾಗಿಲಿನ ಈ ಪುಟ್ಟ ಕಾರು ಲಂಡನ್ ಬೀದಿಗಳಲ್ಲೂ ಓಡಿತು. 2010ರಲ್ಲಿ ಸಂಸ್ಥೆಯ ಬಹುಪಾಲು ಒಡೆತನ ಮಹೀಂದ್ರ ಸಮೂಹಕ್ಕೆ ಸೇರಿತು.

ಈ ಎರಡೂ ಕಾರುಗಳು ಕೊಳ್ಳುವವರಿಗೆ ಒಂದು ಪಾಠ ಹೇಳುತ್ತವೆ. ಡಾಲ್ಫಿನ್ ಒಡಲಿಗೆ ತುಕ್ಕಿನ ಭಯವಿಲ್ಲ, ಆದರೆ ಅದನ್ನು ಹೊತ್ತಿರುವ ಕೆಳಗಿನ ಚಾಸಿಸ್ ಉಕ್ಕಿನದೇ. ಒಡಲು ಬಿರುಕು ಬಿಟ್ಟರೆ ಮಾಮೂಲಿ ಟಿಂಕರಿಂಗ್ ಕೆಲಸದವರಿಂದ ಸರಿಹೋಗುವುದಿಲ್ಲ, ಫೈಬರ್ ಕೆಲಸ ಬಲ್ಲವರೇ ಬೇಕು. ಹಳೆಯ ರೇವಾದಲ್ಲಿ ಎಂಜಿನ್ ತಾಪತ್ರಯವಿಲ್ಲ, ಆದರೆ ಅದರ ಸೀಸ–ಆಮ್ಲ ಬ್ಯಾಟರಿಗಳ ಇಡೀ ಸೆಟ್ಟು ಬದಲಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಕಾರು ವಿಶಿಷ್ಟವಾದಷ್ಟೂ ಅದರ ತೊಂದರೆಯೂ ವಿಶಿಷ್ಟವಾಗಿರುತ್ತದೆ.

ಮೊದಲು ಕಾಗದ

ಹಳೆಯ ಕಾರಿನ ದಾಖಲೆಯಲ್ಲಿ ಮೊದಲು ನೋಡಬೇಕಾದದ್ದು ನೋಂದಾಯಿತ ಮಾಲೀಕ ಯಾರು ಎಂಬುದನ್ನು. ಮಾರುತ್ತಿರುವವರು ಮತ್ತು ಆರ್.ಸಿ.ಯಲ್ಲಿರುವ ಹೆಸರಿನವರು ಒಬ್ಬರೇ ಆಗಿರಬೇಕು. ಹತ್ತಾರು ವರ್ಷದ ಕಾರುಗಳಲ್ಲಿ ಹೀಗಿರುವುದು ಕಡಿಮೆ. ಕಾರು ನಾಲ್ಕಾರು ಕೈ ಬದಲಾಗಿರುತ್ತದೆ, ಆದರೆ ಪುಸ್ತಕದಲ್ಲಿ ಎಂದೋ ಊರು ಬಿಟ್ಟುಹೋದ ಮೊದಲ ಅಥವಾ ಎರಡನೆಯ ಮಾಲೀಕನ ಹೆಸರೇ ಉಳಿದಿರುತ್ತದೆ. ಮಧ್ಯದವರೆಲ್ಲ ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೈಯಿಂದ ಕೈಗೆ ದಾಟಿಸಿರುತ್ತಾರೆ.

1988ರ ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಇವೆ. ಇದನ್ನು ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ನೀಡಿದ ತೀರ್ಪು ಸಾಕ್ಷಿ. ಆ ಕಾರು ಹಲವು ಕೈ ಬದಲಾಗಿದ್ದರೂ, ಅಪಘಾತವಾದ ದಿನ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ಹೇಳಿತು. ಇಂದು ಕೊಳ್ಳುವವರು ನಾಳೆ ಮಾರುವವರೂ ಆಗುತ್ತಾರೆ. ಆದ್ದರಿಂದ ಈ ತೀರ್ಪು ಇಬ್ಬರಿಗೂ ಎಚ್ಚರಿಕೆಯ ಗಂಟೆ.

ನೋಂದಾಯಿತ ಮಾಲೀಕ ತೀರಿಕೊಂಡಿದ್ದರೆ ವಿಷಯ ಮತ್ತಷ್ಟು ಸೂಕ್ಷ್ಮ. 'ತಾತನ ಕಾರು, ಮನೆಯವರೆಲ್ಲ ಒಪ್ಪಿದ್ದಾರೆ' ಎಂಬ ಮಾತು ಆರ್.ಟಿ.ಒ. ಕಚೇರಿಯಲ್ಲಿ ನಡೆಯುವುದಿಲ್ಲ. ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗವಾಗಿ, ಆ ಬಳಿಕ ಮಾರಾಟ ನಡೆಯಬೇಕು. ಒಡಹುಟ್ಟಿದವರಲ್ಲಿ ಒಬ್ಬರು ಸಹಿ ನಿರಾಕರಿಸಿದರೂ ಕೊಂಡವರ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ತೊಡಕು ಹಳೆಯ ಕಡತಗಳದ್ದು. ರಾಜ್ಯಗಳಿಗೆ ಈಗಿನ ಎರಡಕ್ಷರದ ಸಂಕೇತ ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನ, 'ಕೆಎ' ಇಲ್ಲದ ನೋಂದಣಿ ಫಲಕವಿರುವ ಕಾರೆಂದರೆ ಸಂಗ್ರಾಹಕರಿಗೆ ಅಚ್ಚುಮೆಚ್ಚು. ಆದರೆ ಅಂಥ ವಾಹನಗಳ ವಿವರ ಕಾಗದದ ರಿಜಿಸ್ಟರಿನಲ್ಲೇ ಉಳಿದು, 'ವಾಹನ್' ಗಣಕ ಜಾಲಕ್ಕೆ ಸೇರದೇ ಇರುವ ಸಾಧ್ಯತೆಯುಂಟು. ಹಾಗಿದ್ದರೆ ಮೂಲ ಕಡತ ಹುಡುಕಿಸಿ ವಿವರ ಸೇರಿಸುವವರೆಗೂ ವರ್ಗಾವಣೆ, ನವೀಕರಣ ಯಾವುದೂ ಮುಂದುವರಿಯುವುದಿಲ್ಲ. ಈ ಕೆಲಸವನ್ನು ಮಾರುವವರಿಂದಲೇ ಮುಗಿಸಿಕೊಂಡು ನಂತರ ಹಣ ಕೊಡುವುದು ಲೇಸು.

ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಸ್ವತಃ ಕಾರಿನ ಮೇಲೆ ಓದಿ ಪುಸ್ತಕದೊಂದಿಗೆ ಹೋಲಿಸಬೇಕು. ಹಳೆಯ ಕಾರುಗಳಿಗೆ ಬೇರೆ ಎಂಜಿನ್ ಕೂರಿಸಿರುವುದು ಸಾಮಾನ್ಯ. ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್, ಜಿಪ್ಸಿಗೆ ಬೇರೊಂದು ಕಾರಿನ ಎಂಜಿನ್ ಹಾಕಿದ ಉದಾಹರಣೆಗಳು ಬಹಳ. ಅನುಮತಿ ಪಡೆದು ಆರ್.ಸಿ.ಯಲ್ಲಿ ನಮೂದಾಗದ ಇಂಥ ಬದಲಾವಣೆ ಕಾಯಿದೆಯ 52ನೇ ಸೆಕ್ಷನ್ನಿಗೆ ವಿರುದ್ಧ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಗಲ ಟೈರು, ಕತ್ತರಿಸಿದ ಮೇಲ್ಛಾವಣಿ ನೋಡಲು ಚೆನ್ನಾಗಿದ್ದರೂ ನವೀಕರಣದ ದಿನ ಅವೇ ಮುಳುವಾಗಬಹುದು.

ಹದಿನೈದು ವರ್ಷದ ಗೆರೆ

'15 ವರ್ಷವಾದ ಮೇಲೆ ಕಾರು ಗುಜರಿಗೇ ಹೋಗಬೇಕು' ಎಂಬ ನಂಬಿಕೆ ವ್ಯಾಪಕವಾಗಿದೆ. ಕರ್ನಾಟಕದಲ್ಲಿ ಖಾಸಗಿ ಕಾರುಗಳ ಮಟ್ಟಿಗೆ ಇದು ನಿಜವಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಬಳಿಕ ವಾಹನವನ್ನು ತಪಾಸಣೆಗೆ ಒಡ್ಡಿ, ಯೋಗ್ಯವೆಂದು ಕಂಡುಬಂದರೆ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಗುಜರಿ ನೀತಿಯೂ ಖಾಸಗಿ ಕಾರುಗಳ ವಿಷಯದಲ್ಲಿ ವಯಸ್ಸಿಗಿಂತ ಯೋಗ್ಯತೆಯ ಪರೀಕ್ಷೆಯನ್ನೇ ಮಾನದಂಡವಾಗಿ ಇಟ್ಟುಕೊಂಡಿದೆ.

ಆದರೆ ನವೀಕರಣ ಈಗ ಅಗ್ಗವಲ್ಲ. ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ ಅದನ್ನು 10,000 ರೂ.ಗಳಿಗೆ, ಆಮದು ಮಾಡಿಕೊಂಡ ಕಾರುಗಳಿಗೆ 80,000 ರೂ.ಗಳಿಗೆ ಹೆಚ್ಚಿಸಲಾಯಿತು. ಅವಧಿ ಮುಗಿದ ಮೇಲೆ ತಡಮಾಡಿದರೆ ತಿಂಗಳಿಗೆ 500 ರೂ.ನಂತೆ ದಂಡ ಬೆಳೆಯುತ್ತದೆ ಎಂದು 2021ರ ಅಧಿಸೂಚನೆ ಹೇಳಿತ್ತು. ಎಂಟು ವರ್ಷದಿಂದ ಷೆಡ್ಡಿನಲ್ಲಿ ನಿಂತ ಕಾರಿನ ಬಾಕಿ ಎಷ್ಟಾದೀತು ಎಂಬುದನ್ನು ಊಹಿಸಬಹುದು. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯಿದೆ. ಈ ದರಗಳು ಪದೇ ಪದೇ ಬದಲಾಗುತ್ತಿರುವುದರಿಂದ ಚೌಕಾಸಿಗೆ ಕೂರುವ ಮುನ್ನ ಆರ್.ಟಿ.ಒ.ದಲ್ಲಿ ಆ ದಿನದ ಒಟ್ಟು ಬಾಕಿ ತಿಳಿದುಕೊಳ್ಳುವುದು ಅಗತ್ಯ. ಬ್ಯಾಟರಿ ಚಾಲಿತ ವಾಹನಗಳಿಗೆ ಮಾತ್ರ 2021ರಲ್ಲಿ ನೋಂದಣಿ ಮತ್ತು ನವೀಕರಣ ಶುಲ್ಕದಿಂದ ವಿನಾಯಿತಿ ನೀಡಲಾಗಿದ್ದು, ಹಳೆಯ ರೇವಾಕ್ಕೆ ಇದು ಅನುಕೂಲ.

50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಜುಲೈನಲ್ಲಿ ಪ್ರತ್ಯೇಕ 'ವಿಂಟೇಜ್' ನೋಂದಣಿ ವ್ಯವಸ್ಥೆ ಬಂದಿದೆ. ಹೊಸ ನೋಂದಣಿಗೆ 20,000 ರೂ. ಶುಲ್ಕ, ಹತ್ತು ವರ್ಷ ಅವಧಿ. ಆದರೆ ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಕಚೇರಿಗೆ ಅದರಲ್ಲೇ ಹೋಗಬೇಕೆಂಬ ಆಸೆಯಿದ್ದವರು ಇದನ್ನು ಗಮನಿಸಬೇಕು.

ಹೊರರಾಜ್ಯದ ಅಗ್ಗದ ಕಾರು

ದೆಹಲಿ ಮತ್ತು ಸುತ್ತಲ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಈ ಕುರಿತ ಆದೇಶಗಳು ಒಂದಕ್ಕಿಂತ ಹೆಚ್ಚು ಬಾರಿ ಬದಲಾದವು. ಈ ಅನಿಶ್ಚಿತತೆಯಿಂದಾಗಿ ಅಲ್ಲಿನ ಸುಸ್ಥಿತಿಯ ಕಾರುಗಳು, ವಿಶೇಷವಾಗಿ ದುಬಾರಿ ಡೀಸೆಲ್ ಕಾರುಗಳು, ಅಗ್ಗದ ಬೆಲೆಗೆ ದಕ್ಷಿಣದತ್ತ ಬರುತ್ತವೆ.

ಇಲ್ಲಿ ಲೆಕ್ಕ ತಪ್ಪುವುದು ತೆರಿಗೆಯಲ್ಲಿ. ಹೊರರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಮರು ನೋಂದಣಿ ಕಡ್ಡಾಯ. ಮೂಲ ಆರ್.ಟಿ.ಒ.ದ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದೂರದ ಕಚೇರಿಯ ಪತ್ರ ತರಿಸುವ ಹೊಣೆಯನ್ನು ದಲ್ಲಾಳಿಯ ಬಾಯಿಮಾತಿಗೆ ಬಿಡುವುದು ಅಪಾಯ. ಬೆಲೆಯ ಜೊತೆ ತೆರಿಗೆ, ಸಾಗಣೆ, ಓಡಾಟ ಎಲ್ಲವನ್ನೂ ಸೇರಿಸಿದರೆ ಇಲ್ಲಿಯದೇ ಕಾರು ಅಗ್ಗವೆನಿಸುವುದುಂಟು.

ಎರಡನೆಯದು ಕಬ್ಬಿಣ

ಕಾಗದ ಸರಿಯಿದ್ದರೆ ಮುಂದಿನ ಪರೀಕ್ಷೆ ಒಡಲಿನದು. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಗೆ ಮತ್ತು ಮಲೆನಾಡಿನ ದೀರ್ಘ ಮಳೆಗೆ ವರ್ಷಗಟ್ಟಲೆ ಒಡ್ಡಿಕೊಂಡ ಕಾರು ಹೊರಗೆ ಹೊಳೆಯುತ್ತಿದ್ದರೂ ಒಳಗೆ ಟೊಳ್ಳಾಗಿರಬಹುದು. ಒಣ ಹವೆಯ ಬಯಲುಸೀಮೆಯಲ್ಲಿ ನೆರಳಲ್ಲಿ ನಿಂತ ಕಾರು ಬಣ್ಣ ಮಾಸಿದ್ದರೂ ಗಟ್ಟಿಯಾಗಿರಬಹುದು. ಆದ್ದರಿಂದ ಹೊಸದಾಗಿ ಬಣ್ಣ ಬಳಿದ ಕಾರಿಗಿಂತ ಹಳೆಯ ಬಣ್ಣದ ಕಾರೇ ಹೆಚ್ಚು ಪ್ರಾಮಾಣಿಕ.

ನೋಡಬೇಕಾದ ಜಾಗಗಳು ಇವು: ಮ್ಯಾಟ್ ಎತ್ತಿದಾಗ ಕಾಣುವ ನೆಲ, ಬಾಗಿಲುಗಳ ಕೆಳ ಅಂಚು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಮುಂದಿನ ಸಸ್ಪೆನ್ಷನ್ ಮೇಲ್ತುದಿ ಕೂರುವ ಭಾಗ, ಜಾಕ್ ಕೊಡುವ ಜಾಗ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಡಲಿನ ಮೇಲೆ ಆಡಿಸಿದರೆ, ಅದು ಹಿಡಿಯದ ಕಡೆ ದಪ್ಪ ಪುಟ್ಟಿ ತುಂಬಿದ್ದಾರೆಂದು ತಿಳಿಯಬಹುದು. ಸಸ್ಪೆನ್ಷನ್ ಕೂರುವ ಭಾಗ ಮತ್ತು ನೆಲದ ಉದ್ದ ತೊಲೆಗಳಿಗೆ ತುಕ್ಕು ಹತ್ತಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಅಂಥ ಕಾರನ್ನು ಎಷ್ಟೇ ಅಗ್ಗವಾದರೂ ಬಿಟ್ಟು ಬರುವುದು ಒಳ್ಳೆಯದು.

ಗಾಜು, ರಬ್ಬರ್ ಬೀಡಿಂಗ್, ದೀಪದ ಚಿಪ್ಪು, ಬಂಪರ್, ಡ್ಯಾಷ್‌ಬೋರ್ಡ್ ಇವುಗಳತ್ತಲೂ ಗಮನವಿರಲಿ. 1991ರಲ್ಲಿ ಬಂದ ಮೂರು ಬಾಗಿಲಿನ ಸಿಯೆರಾದ ಹೆಗ್ಗುರುತೇ ಹಿಂಬದಿಯ ತೆರೆಯಲಾಗದ ದೊಡ್ಡ ಬಾಗು ಗಾಜು. ಅದು ಒಡೆದರೆ ಎಂಜಿನ್ ಭಾಗಕ್ಕಿಂತ ಹೆಚ್ಚು ಹುಡುಕಾಟ ಬೇಕಾಗುತ್ತದೆ. 2025ರಲ್ಲಿ ಅದೇ ಹೆಸರಿನ ಹೊಸ ಕಾರು ಬಂದಿದ್ದರೂ ಹಳೆಯದಕ್ಕೆ ಅದರಿಂದ ಪ್ರಯೋಜನವಿಲ್ಲ.

ಮೂರನೆಯದು ಎಂಜಿನ್, ಬಿಡಿಭಾಗ

ಎಂಜಿನ್ ಪರೀಕ್ಷೆಗೆ ಬೆಳಿಗ್ಗೆ, ಕಾರು ತಣ್ಣಗಿರುವಾಗ ಹೋಗಬೇಕು. ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟ ಎಂಜಿನ್ ಹಲವು ದೋಷಗಳನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ರೇಡಿಯೇಟರ್ ನೀರು ಒಳನುಗ್ಗುತ್ತಿರುವುದರ ಗುರುತು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಲೇಪ ಕಂಡರೂ ಅದೇ ಅನುಮಾನ. ಟೈರಿನ ಮೇಲಿನ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ಸವೆಯದಿದ್ದರೂ ಹತ್ತು ವರ್ಷ ಹಳೆಯದಾದ ಟೈರನ್ನು ನಂಬುವಂತಿಲ್ಲ.

ಬಿಡಿಭಾಗದ ವಿಷಯದಲ್ಲಿ ಕಾರಿನ ಹೆಸರಿಗಿಂತ ಅದರ ಎಂಜಿನ್ನಿನ ನಂಟಸ್ತಿಕೆ ಮುಖ್ಯ. ತಯಾರಕ ಸಂಸ್ಥೆ ಮುಚ್ಚಿದ್ದರೂ ಅದೇ ಎಂಜಿನ್ ಬೇರೆ ಕಾರುಗಳಲ್ಲಿ ಬಳಕೆಯಾಗಿದ್ದರೆ ಜೀವ ಉಳಿಯುತ್ತದೆ. ಕಾಂಟೆಸ್ಸಾಕ್ಕೆ ಹಾಕಿದ 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್ 1990ರ ದಶಕದ ಅಂಬಾಸಿಡರ್ 1800 ಮಾದರಿಯಲ್ಲೂ ಇತ್ತು. ಕಲ್ಯಾಣದಲ್ಲಿ ಅಲ್ಪಕಾಲ ತಯಾರಾದ ಪ್ಯೂಜೊ 309ರ ಡೀಸೆಲ್ ಎಂಜಿನ್ನಿನ ಬಳಗ ಮುಂದೆ ಮಾರುತಿ ಝೆನ್ ಡೀಸೆಲ್‌ನಲ್ಲಿ ಕಾಣಿಸಿಕೊಂಡಿತು. ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ ಮುಂತಾದ ಕಾರುಗಳಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಓಡಿದ್ದರಿಂದ, ಫಿಯೆಟ್ ಭಾರತದಿಂದ ಹೊರನಡೆದ ಮೇಲೂ ಹಳೆಯ ಲಿನಿಯಾ ಡೀಸೆಲ್‌ಗೆ ಎಂಜಿನ್ ಭಾಗ ಸಿಗುವುದು ಕಷ್ಟವಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ 1985ರ ಸ್ಟ್ಯಾಂಡರ್ಡ್ 2000. ಬ್ರಿಟನ್ನಿನ ರೋವರ್ ಕಾರಿನ ಸುಂದರ ಒಡಲಿಗೆ ಹಳೆಯ ವ್ಯಾನ್‌ಗಾರ್ಡ್ ಕಾಲದ ಎಂಜಿನ್ ಜೋಡಿಸಿ ಮದ್ರಾಸಿನಲ್ಲಿ ತಯಾರಿಸಿದ ಈ ದುಬಾರಿ ಕಾರು ಮೂರು ವರ್ಷದಲ್ಲೇ ನಿಂತುಹೋಯಿತು. ಇಂಥ ಕಾರಿಗೆ ಇನ್ನೊಂದು ಕಾರನ್ನೇ ಕೊಂಡು ಬಿಚ್ಚಿ ಬಳಸಬೇಕಾದ ಸ್ಥಿತಿ ಬರುತ್ತದೆ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಪೇಟೆ ಹತ್ತಿರದಲ್ಲಿವೆ. ಅಂಬಾಸಿಡರ್, ಪದ್ಮಿನಿ, ಮಾರುತಿ 800ರ ಭಾಗಗಳು ಇನ್ನೂ ದೊರೆಯುತ್ತವೆ. ಭಾಗಕ್ಕಿಂತ ಈಗ ಹೆಚ್ಚು ವಿರಳವಾಗುತ್ತಿರುವುದು ಕೈಚಳಕ. ಕಿವಿಯಲ್ಲೇ ಕಾರ್ಬ್ಯುರೇಟರ್ ಶ್ರುತಿ ಮಾಡಬಲ್ಲ ಹಿರಿಯ ಮೆಕ್ಯಾನಿಕ್‌ಗಳ ತಲೆಮಾರು ನಿವೃತ್ತಿಯಾಗುತ್ತಿದೆ. ಕಾರು ಹುಡುಕುವ ಮೊದಲು ಅದನ್ನು ಬಲ್ಲ ಮೆಕ್ಯಾನಿಕ್ ಹುಡುಕಿಕೊಂಡು, ಕಾರು ನೋಡಲು ಅವರನ್ನೂ ಕರೆದೊಯ್ಯುವುದು ಸೂಕ್ತ.

ಹಳೆಯ ಐಷಾರಾಮಿ ಜರ್ಮನ್ ಕಾರುಗಳದ್ದು ಇನ್ನೊಂದು ಬಗೆಯ ಬಲೆ. ಹದಿನೈದು ವರ್ಷದಲ್ಲಿ ಕಾರಿನ ಬೆಲೆ ಹೊಸ ಮಾರುತಿಯ ಮಟ್ಟಕ್ಕೆ ಇಳಿದಿರುತ್ತದೆ, ಆದರೆ ಬಿಡಿಭಾಗದ ಬೆಲೆ ಹೊಸ ಜರ್ಮನ್ ಕಾರಿನ ಮಟ್ಟದಲ್ಲೇ ಇರುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಥವಾ ಏರ್ ಸಸ್ಪೆನ್ಷನ್ ಒಂದೇ ಬಾರಿ ಕೈಕೊಟ್ಟರೂ ಉಳಿಸಿದ್ದೆಲ್ಲ ಕರಗುತ್ತದೆ.

ಇಂಧನವೂ ಬದಲಾಗಿದೆ

ದೇಶದಲ್ಲಿ ಸೀಸರಹಿತ ಪೆಟ್ರೋಲ್ ಪೂರ್ತಿ ಜಾರಿಗೆ ಬಂದದ್ದು 2000ರಲ್ಲಿ. ಅದಕ್ಕೂ ಹಿಂದಿನ ಎಂಜಿನ್‌ಗಳಲ್ಲಿ ಕೆಲವಕ್ಕೆ ಕವಾಟದ ಸೀಟು ಬದಲಿಸುವ ಕೆಲಸ ಬೇಕಾಗಿತ್ತು. ಅದು ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಹೊಸ ಸಮಸ್ಯೆ ಎಥನಾಲ್‌ನದು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದೆಲ್ಲೆಡೆಯ ಸಾಮಾನ್ಯ ಪೆಟ್ರೋಲಾಯಿತು. ಎಥನಾಲ್ ತೇವ ಹೀರುವ ಗುಣವುಳ್ಳದ್ದು. ಹಳೆಯ ಕಾಲದ ರಬ್ಬರ್ ಪೈಪು, ಗ್ಯಾಸ್ಕೆಟ್, ಕಾರ್ಬ್ಯುರೇಟರಿನ ಡಯಾಫ್ರಂಗಳನ್ನು ಇದಕ್ಕೆಂದು ರೂಪಿಸಿರಲಿಲ್ಲ. ಎಥನಾಲ್ ರಹಿತ ಪೆಟ್ರೋಲಿಗೆ ರೂಪಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ವಾರಗಟ್ಟಲೆ ನಿಲ್ಲುವ ಹಳೆಯ ಕಾರಿನ ಇಂಧನ ಪೈಪುಗಳನ್ನು ಈಗಿನ ಗುಣಮಟ್ಟದವುಗಳಿಗೆ ಬದಲಿಸಿಕೊಳ್ಳುವುದು ಮೊದಲ ಕೆಲಸವಾಗಬೇಕು. ಸೋರುವ ಪೈಪು, ಹಳೆಯ ವೈರಿಂಗ್ ಎರಡೂ ಸೇರಿದರೆ ಬೆಂಕಿಯ ಅಪಾಯ.

ಸುರಕ್ಷತೆಯ ಮಿತಿ

ಮೋಹದ ಭರದಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶ ಇದು. ಚಾಲಕನ ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಬ್ರೇಕ್ ಭಾರತದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಇವೆರಡೂ ಇಲ್ಲ. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಡಿಕ್ಕಿ ಪರೀಕ್ಷೆಗೆ ಒಡ್ಡಿದ ಐದು ಜನಪ್ರಿಯ ಭಾರತೀಯ ಕಾರುಗಳ ಏರ್‌ಬ್ಯಾಗ್ ರಹಿತ ಮಾದರಿಗಳು ವಯಸ್ಕರ ಸುರಕ್ಷತೆಯಲ್ಲಿ ಒಂದೂ ನಕ್ಷತ್ರ ಪಡೆಯಲಿಲ್ಲ. ಅವು ಆ ಕಾಲದ ಹೊಸ ಕಾರುಗಳು. ಅವುಗಳಿಗಿಂತ ಹಳೆಯ ವಿನ್ಯಾಸದ ಕಾರಿನಿಂದ ಹೆಚ್ಚಿನ ರಕ್ಷಣೆ ನಿರೀಕ್ಷಿಸುವಂತಿಲ್ಲ.

ಅಂಬಾಸಿಡರಿನ ದಪ್ಪ ತಗಡು ಗಟ್ಟಿ ಎಂಬ ಮಾತಿದೆ. ಆದರೆ ಡಿಕ್ಕಿಯ ಆಘಾತವನ್ನು ತಾನು ಮುದುಡಿಕೊಂಡು ಹೀರಿಕೊಳ್ಳದ ಒಡಲು ಆ ಆಘಾತವನ್ನು ಒಳಗಿರುವವರಿಗೆ ದಾಟಿಸುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ವೇಗದ ರಸ್ತೆಗಳಲ್ಲಿ ಮಕ್ಕಳೊಂದಿಗೆ ಪ್ರತಿವಾರ ಪ್ರಯಾಣಿಸುವ ಕುಟುಂಬಕ್ಕೆ ಇಂಥ ಕಾರು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಊರೊಳಗೆ ನಿಧಾನವಾಗಿ ಸುತ್ತಾಡಲು ಒಪ್ಪುತ್ತದೆ. ಬೆಲ್ಟ್, ಬ್ರೇಕ್, ಟೈರು, ದೀಪ ಈ ನಾಲ್ಕನ್ನು ಬಣ್ಣಕ್ಕಿಂತ ಮೊದಲು ಸರಿಪಡಿಸಬೇಕು.

ವಿಮೆ ಮತ್ತು ಕೈಯಲ್ಲಿರಬೇಕಾದ ಹಣ

ಮೂರನೆಯವರ ವಿಮೆ ಎಲ್ಲ ವಾಹನಗಳಿಗೂ ಕಡ್ಡಾಯ. ಕಾರು ಕೊಂಡ 14 ದಿನಗಳಲ್ಲಿ ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ಹೆಸರು ಬದಲಾಗದಿದ್ದರೆ ಸ್ವಂತ ಹಾನಿಯ ಪರಿಹಾರ ಕೈತಪ್ಪಬಹುದು. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯವನ್ನು ವಿಮಾ ಸಂಸ್ಥೆ ಮತ್ತು ಮಾಲೀಕರು ಪರಸ್ಪರ ಒಪ್ಪಿ ನಿಗದಿಪಡಿಸುತ್ತಾರೆ. ಆದ್ದರಿಂದ ಲಕ್ಷಗಟ್ಟಲೆ ಖರ್ಚು ಮಾಡಿ ಹೊಸದರಂತೆ ಮಾಡಿದ ಕಾರಿನ ರಸೀದಿ, ಛಾಯಾಚಿತ್ರಗಳನ್ನು ಇಟ್ಟುಕೊಂಡರೆ ಚರ್ಚೆಗೆ ಆಧಾರವಿರುತ್ತದೆ.

ಇಷ್ಟು ಹಳೆಯ ಕಾರಿಗೆ ಬ್ಯಾಂಕ್ ಸಾಲ ಸಿಗುವುದು ಸಾಮಾನ್ಯವಾಗಿ ಕಷ್ಟ. ಹಣವೆಲ್ಲ ಕೈಯಿಂದಲೇ ಹೋಗಬೇಕು. ಒಂದೂವರೆ ಲಕ್ಷ ರೂ. ಕೈಯಲ್ಲಿದ್ದರೆ ಒಂದೂವರೆ ಲಕ್ಷದ ಕಾರನ್ನಲ್ಲ, 75 ಸಾವಿರದ ಕಾರನ್ನು ಹುಡುಕಿ ಉಳಿದರ್ಧವನ್ನು ಮೊದಲ ವರ್ಷದ ದುರಸ್ತಿ, ನವೀಕರಣಕ್ಕೆ ಮೀಸಲಿಡುವುದು ವಿವೇಕ. ಇಲ್ಲವೇ ಹಾಳಾದ ಕಾರನ್ನು ಅಗ್ಗಕ್ಕೆ ಕೊಂಡು ಸರಿಪಡಿಸುವ ಬದಲು, ಬೇರೆಯವರು ಆಗಲೇ ಸರಿಪಡಿಸಿದ ಕಾರಿಗೆ ಸ್ವಲ್ಪ ಹೆಚ್ಚು ಕೊಡುವುದೂ ಒಂದು ದಾರಿ. ದುರಸ್ತಿಗೆ ಸುರಿದ ಹಣ ಮಾರುವಾಗ ಪೂರ್ತಿ ಮರಳುವುದಿಲ್ಲ. ಈ ನಷ್ಟ ಹಿಂದಿನ ಮಾಲೀಕರ ಪಾಲಿಗೇ ಇರಲಿ.

ಪರಿಸರದ ದೃಷ್ಟಿಯಿಂದಲೂ ಎರಡು ಮಾತಿವೆ. ಇರುವ ಕಾರನ್ನು ಉಳಿಸಿಕೊಂಡರೆ ಹೊಸದನ್ನು ತಯಾರಿಸುವ ಉಕ್ಕು, ವಿದ್ಯುತ್ ಉಳಿಯುತ್ತದೆ. ಆದರೆ 2020ರಿಂದ ಜಾರಿಗೆ ಬಂದ ಬಿ.ಎಸ್.–6 ಮಟ್ಟದ ಕಾರಿಗೆ ಹೋಲಿಸಿದರೆ ಕಾರ್ಬ್ಯುರೇಟರ್ ಕಾಲದ ಕಾರು ಪ್ರತಿ ಕಿಲೋಮೀಟರಿಗೆ ಉಗುಳುವ ಹೊಗೆ ಬಹಳ ಹೆಚ್ಚು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿಸುವವರಿಗೂ ನಿತ್ಯ ಐವತ್ತು ಕಿಲೋಮೀಟರ್ ಓಡಿಸುವವರಿಗೂ ಈ ಲೆಕ್ಕ ಒಂದೇ ಆಗದು.

ಯಾರಿಗೆ ಒಪ್ಪುತ್ತದೆ?

ಮನೆಯಲ್ಲಿ ನಿತ್ಯದ ಓಡಾಟಕ್ಕೆ ಬೇರೆ ವಾಹನವಿದ್ದು, ಮಳೆ ಬಿಸಿಲಿಗೆ ಒಡ್ಡದಂತೆ ನಿಲ್ಲಿಸಲು ಜಾಗವಿದ್ದು, ತಿಂಗಳೆರಡು ತಿಂಗಳು ಗ್ಯಾರೇಜಿನಲ್ಲಿ ನಿಂತರೂ ತೊಂದರೆಯಾಗದವರಿಗೆ ಇಂಥ ಕಾರು ಸಂತೋಷ ಕೊಡುತ್ತದೆ. ಆಸ್ಪತ್ರೆಗೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಇರುವ ಒಂದೇ ಕಾರು ಅದಾದರೆ ಅದೇ ಸಂಕಟ ತರುತ್ತದೆ. ನೋಡಿ ಆನಂದಿಸುವಷ್ಟೇ ಆಸೆಯಿದ್ದವರಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣ ಬಳಿಯ 'ಪಯಣ' ಕಾರು ಸಂಗ್ರಹಾಲಯಗಳಿವೆ.

ಕೊಳ್ಳುವ ಮುನ್ನ ಗಮನಿಸಿ

* ಆರ್.ಸಿ.ಯಲ್ಲಿರುವ ಮಾಲೀಕರನ್ನೇ ಭೇಟಿಯಾಗಿ ಗುರುತಿನ ಚೀಟಿ ನೋಡಿ. ಸಹಿ ಹಾಕಿದ ಖಾಲಿ ನಮೂನೆ ನಂಬಬೇಡಿ.

* ಚಾಸಿಸ್, ಎಂಜಿನ್ ಸಂಖ್ಯೆ ಎರಡನ್ನೂ ಕಾರಿನ ಮೇಲೆಯೇ ಓದಿ ಹೋಲಿಸಿ.

* ಹಳೆಯ ಸಾಲದ ನಮೂದು ಆರ್.ಸಿ.ಯಿಂದ ತೆಗೆದಿದೆಯೇ, ಸಂಚಾರ ದಂಡ ಬಾಕಿ ಇದೆಯೇ, ನೋಂದಣಿಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ತಿಳಿಯಿರಿ.

* 2019ರ ಏಪ್ರಿಲ್ 1ಕ್ಕೂ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಸೂಚಿಸಿದೆ. ಅದು ಇದೆಯೇ ನೋಡಿ.

* ಮಳೆಯಲ್ಲಿ ಅಥವಾ ಕತ್ತಲಲ್ಲಿ ಕಾರು ನೋಡಬೇಡಿ. ಒದ್ದೆ ಬಣ್ಣ ದೋಷಗಳನ್ನು ಮುಚ್ಚುತ್ತದೆ.

* ಕಾರು ಬಲ್ಲ ಮೆಕ್ಯಾನಿಕ್ ಒಬ್ಬರೊಂದಿಗೆ ಹೋಗಿ, ಅರ್ಧ ಗಂಟೆಯಾದರೂ ಓಡಿಸಿ.

* ಪೂರ್ತಿ ಹಣವನ್ನು ಹೆಸರು ವರ್ಗಾವಣೆಯ ಅರ್ಜಿ ಸ್ವೀಕೃತವಾದ ಮೇಲಷ್ಟೇ ಕೊಡುವ ಷರತ್ತನ್ನು ಬರಹದಲ್ಲಿ ಮಾಡಿಕೊಳ್ಳಿ.